ಬೀರಪ್ಪನ ಮೊಬೈಲ್ ನಂಬರು

ನನ್ನ ಅಂಗಡಿಯ ಕೀಲಿಗೊಂಚಲಿನಲ್ಲಿ ಒಂದು ಹಳದಿ ಪ್ಲಾಸ್ಟಿಕ್ ಬಿಲ್ಲೆಯಿದೆ. ಹೆಬ್ಬೆರಳಿನಷ್ಟು ಅಗಲ, ಒಂದು ಮೂಲೆ ಮುರಿದಿದೆ, ಮೇಲೆ ಕಪ್ಪು ಅಕ್ಷರದಲ್ಲಿ ಆರಂಕಿಯ ಒಂದು ಸಂಖ್ಯೆ. ನೋಡಿದವರು ನಾನು ಯಾವುದೋ ಲಾಡ್ಜಿನ ಕೀಲಿಯನ್ನು ತಿರುಗಿ ಕೊಡದೆ ಬಂದಿದ್ದೇನೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ನಿಜ ಸಂಗತಿಗಿಂತ ಅದೇ ಮರ್ಯಾದೆಯದು. ಅದು ಕುರಿಯ ಕಿವಿಗೆ ಚುಚ್ಚುವ ಬಿಲ್ಲೆ, ಮತ್ತು ಅದನ್ನು ಹಾಕಿಕೊಂಡಿದ್ದ ಟಗರು ಈಗ ಇಲ್ಲ. ಯಾಕೆ ಇಲ್ಲ ಎಂಬುದನ್ನು ನಿಮಗೆ ಹೇಳಬೇಕೆಂದೇ ಕೂತಿದ್ದೇನೆ. ನಡುವೆ ನಾನು ಬೇರೆ ಮಾತಿಗೆ ಜಾರಿಕೊಂಡರೆ ರಟ್ಟೆ ಹಿಡಿದು ಎಳೆದು ಕೂರಿಸಿ, ಜಾರಿಕೊಳ್ಳುವುದರಲ್ಲಿ ನನಗೆ ಬಹಳ ವರ್ಷದ ರೂಢಿಯಿದೆ.

ಗಡಿಯಾಚೆಯ ಮರಾಠಿ ಸೀಮೆಯ ಮೂರು ಊರಿನಲ್ಲಿ ನಮ್ಮವು ಮೂರು ಅಂಗಡಿ. ಉಮರಗಾದ್ದು ನನ್ನದು, ನಿಲಂಗಾದ್ದು ತಂಗಿ ಮಹಾದೇವಿಯದು, ಉದಗೀರದ್ದನ್ನು ಸಂಗೀತಾತಾಯಿ ಎಂಬ ಮರಾಠಿ ಹೆಣ್ಣುಮಗಳು ನೋಡಿಕೊಳ್ಳುತ್ತಾಳೆ. 'ನನ್ನದು' ಎಂದದ್ದು ಬಾಯಿಮಾತು. ಮೂರನ್ನೂ ಕಟ್ಟಿದವಳು ತಂಗಿ, ನಾನು ಕುರ್ಚಿಯನ್ನು ಬೆಚ್ಚಗಿಡುವವನು. ಕುರಿಯ ಜಂತಿನ ಔಷಧಿ, ಗಾಯದ ಮುಲಾಮು, ನೆಕ್ಕಲು ಉಪ್ಪಿನ ಇಟ್ಟಿಗೆ, ಇಂಥವನ್ನು ವರ್ಷವಿಡೀ ಮಾರುತ್ತೇವೆ. ಆದರೆ ನಮ್ಮ ನಿಜವಾದ ಕೆಲಸ ಇರುವುದು ಮೃಗಶಿರೆ ಮಳೆಗೆ ಮುಂಚೆ. ಮಳೆ ಬಿದ್ದು ಎಳೆಯ ಹುಲ್ಲು ಚಿಗುರಿದಾಗ, ಆಸೆಬುರುಕ ಕುರಿಗಳು ಹೊಟ್ಟೆ ಬಿರಿಯೆ ಮೇಯ್ದು ಕರುಳುಬೇನೆ ಬಂದು ಸಾಯುತ್ತವೆ. ಬಡಕಲು ಕುರಿ ಉಳಿದುಕೊಳ್ಳುತ್ತದೆ, ಕಣ್ಣಿಗೆ ತುಂಬುವಂಥದ್ದೇ ಹೋಗುತ್ತದೆ. ಅದಕ್ಕೆ ಮೊದಲೇ ಹಟ್ಟಿಹಟ್ಟಿಗೆ ಹೋಗಿ ಸೂಜಿ ಹಾಕಿಸುವ ವ್ಯವಸ್ಥೆ ನಮ್ಮದು. ಲಸಿಕೆಯ ಬಾಟಲಿ ಒಮ್ಮೆ ಬಿಚ್ಚಿದರೆ ಅಂದೇ ಮುಗಿಯಬೇಕು, ಹೀಗಾಗಿ ಎಲ್ಲಿ ಎಷ್ಟು ಕುರಿ ಎಂಬ ಯಾದಿ ಖಚಿತವಾಗಿರಬೇಕು.

ಯಾದಿ ಖಚಿತವಾಗಿರುವುದು ಎಂದರೆ ಏನು ಗೊತ್ತೇ? ನಮ್ಮ ಕಡೆಯ ಕುರಿಗಳು ಕಚೇರಿಯ ಗುಮಾಸ್ತರಂತೆ ಒಂದೇ ಕಡೆ ಕೂರುವುದಿಲ್ಲ. ಇಂದು ಮಾಕಣಿಯ ಕೆರೆಯ ಹಿಂದೆ ಇದ್ದ ಮಂದೆ ಇನ್ನೊಂದು ತಿಂಗಳಿಗೆ ನಿಲಂಗಾದ ಕಡೆಯ ಕಬ್ಬಿನ ಹೊಲದಲ್ಲಿ ಬಿಡಾರ ಹೂಡಿರುತ್ತದೆ. ಮಾಲೀಕ ಉಮರಗಾದಲ್ಲಿ ಹೆಸರು ಬರೆಸಿದ್ದನ್ನು ಮರೆತು ಉದಗೀರದಲ್ಲೂ ಬರೆಸುತ್ತಾನೆ, ಒಂದು ಮಂದೆ ಎರಡಾಗುತ್ತದೆ. ಸಂಗೀತಾತಾಯಿ ಊರಿನ ಹೆಸರನ್ನು ಒಂದು ರೀತಿ ಬರೆಯುತ್ತಾಳೆ, ನಾನು ಇನ್ನೊಂದು ರೀತಿ. ಆಕೆ ತಾರೀಖಿನಲ್ಲಿ ತಿಂಗಳನ್ನು ಮೊದಲು ಹಾಕುತ್ತಾಳೆ, ನಾನು ತಾರೀಖನ್ನೇ ಹಾಕುವುದಿಲ್ಲ. ಈ ಮೂರು ಊರಿನ ಮೂರು ಗೊಂದಲಗಳನ್ನು ಕೂಡಿಸಿ ಒಂದು ಯಾದಿ ಮಾಡುವ ಕೆಲಸವನ್ನು ತಂಗಿ ಕಂಪ್ಯೂಟರಿಗೆ ಕಲಿಸಿದ್ದಾಳೆ. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿದೆ, ಆಕೆ ಹೇಳುವಾಗ ಕೇಳಲು ಚೆಂದ. ನಾನು 'ಕೂಡಿಸುವ ಕೆಲಸ' ಎನ್ನುತ್ತೇನೆ. ನಾವು ಮೊಬೈಲಿನ ಫಾರ್ಮಿನಲ್ಲಿ ತುಂಬಿದ್ದು ದಿನಾ ಹನ್ನೆರಡು ಗಂಟೆಗೆ ನಿಲಂಗಾದಲ್ಲಿ ಕೂಡಿಕೊಳ್ಳುತ್ತದೆ. ಹನ್ನೆರಡೇ ಯಾಕೆ ಎಂದರೆ, ಆಗ ಮೂರೂ ಊರಿನಲ್ಲಿ ಒಟ್ಟಿಗೆ ಕರೆಂಟು ಇರುತ್ತದೆ. ಎಂಥ ದೊಡ್ಡ ವ್ಯವಸ್ಥೆಯೂ ಕೊನೆಗೆ ವಿದ್ಯುತ್ ಕಂಬದ ಮೇಲಿನ ಮನುಷ್ಯನ ಮರ್ಜಿಯಲ್ಲಿರುತ್ತದೆ.

ಆಕೆಯ ಕೆಲವು ಕಟ್ಟಳೆಗಳಿದ್ದವು. ಊರಿನ ಹೆಸರನ್ನು ಕೈಯಿಂದ ಬರೆಯುವಂತಿಲ್ಲ, ಪಟ್ಟಿಯಿಂದ ಆರಿಸಬೇಕು. ಹಟ್ಟಿಯಿಂದ ಬಂದ ಮೂಲ ಬರಹವನ್ನು ಯಾರೂ ಮುಟ್ಟಬಾರದು, ತಿದ್ದುವುದಿದ್ದರೆ ಪಕ್ಕದಲ್ಲಿ ತಿದ್ದಬೇಕು. ಅರ್ಥವಾಗದ ಸಾಲನ್ನು ಕಂಪ್ಯೂಟರ್ ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ, ಬೇರೊಂದು ಶೀಟಿನಲ್ಲಿ ಕೆಂಪು ಬಣ್ಣ ಹಚ್ಚಿ ನಿಲ್ಲಿಸುತ್ತದೆ. ಆ ಶೀಟಿಗೆ ಆಕೆ ಕೊಂಡವಾಡ ಎಂದು ಹೆಸರಿಟ್ಟಿದ್ದಳು. ಹೊಲಕ್ಕೆ ನುಗ್ಗಿದ ದನವನ್ನು ಒಡೆಯ ಬರುವತನಕ ಕೂಡಿಹಾಕುವ ದೊಡ್ಡಿ ಇದೆಯಲ್ಲ, ಹಾಗೆ. ಸಂಜೆಯೊಳಗೆ ಕೊಂಡವಾಡ ಖಾಲಿಯಾಗಬೇಕು, ಅಂದರೆ ಪ್ರತಿ ಸಾಲಿನ ಒಡೆಯನನ್ನು ಹಿಡಿದು ಕೇಳಿ ಸರಿಪಡಿಸಬೇಕು. ಇನ್ನು, ಒಂದೇ ಮೊಬೈಲ್ ನಂಬರು ಎರಡು ಸಲ ಬಂದರೆ ಹಳೆಯ ಸಾಲನ್ನು ಬಿಟ್ಟು ಹೊಸದನ್ನು ಇಟ್ಟುಕೊಳ್ಳಬೇಕು. ಎರಡೆರಡು ಊರಿನಲ್ಲಿ ಹೆಸರು ಬರೆಸುವ ಮಾಲೀಕರಿಗಾಗಿ ಮಾಡಿದ ಕಟ್ಟಳೆ ಇದು. ಬಹಳ ಶಾಣ್ಯಾತನದ, ಜಾಣ ಕಟ್ಟಳೆ. ಆ ಟಗರನ್ನು ಕೊಂದದ್ದು ಇದೇ, ಆದರೆ ಕತ್ತಿ ಇದರದಾದರೂ ಕೈ ನನ್ನದು.

ನನ್ನ ಶಾಲೆ ಏಳನೆಯ ಇಯತ್ತೆಗೆ ಮುಗಿಯಿತು. ತಂಗಿ ಓದಲೆಂದು ನಾನು ಶಾಲೆ ಬಿಟ್ಟು ಕುರಿಯ ಹಿಂದೆ ಹೋದೆ ಎಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಮದುವೆಮನೆಗಳಲ್ಲಿ ಈ ಕಥೆಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದೂ ಉಂಟು. ನಿಮ್ಮ ಮುಂದೆ ಯಾಕೆ ಸುಳ್ಳು? ನಾನು ಗಣಿತದಲ್ಲಿ ನಪಾಸಾಗಿದ್ದೆ, ಕುರಿಗಳು ಭಿನ್ನರಾಶಿ ಕೇಳುವುದಿಲ್ಲ, ಅದಕ್ಕೇ ಹೋದೆ. ಆದರೂ ಆ ತ್ಯಾಗದ ಕಥೆ ಎಷ್ಟು ಸಲ ಹೇಳಿದೆನೆಂದರೆ ಕೊನೆಗೆ ನಾನೇ ಅದನ್ನು ನಂಬಿದೆ. ನಂಬಿದ ಮೇಲೆ, ತಂಗಿ ಒಂದು ಮಾತು ತಿದ್ದಿ ಹೇಳಿದರೂ ಉರಿಯತೊಡಗಿತು. ಮೊದಲ ವಾರ ಫಾರ್ಮ್ ತುಂಬುವಾಗ ದಿನಕ್ಕೆ ಮೂರು ಸಲ ಫೋನ್ ಮಾಡಿ ಕೇಳುತ್ತಿದ್ದೆ. ಒಂದು ದಿನ ಗಿರಾಕಿಗಳ ಎದುರು, ಫೋನು ಸ್ಪೀಕರಿನಲ್ಲಿರುವಾಗ, ಆಕೆ ನಕ್ಕು, "ಅಣ್ಣಾ, ಮತ್ತ ಅದನ್ನೇ ಕೇಳ್ತಿ ಏನೋ?" ಎಂದಳು. ಗಿರಾಕಿಗಳೂ ನಕ್ಕರು. ಅಂದಿನಿಂದ ನಾನು ಕೇಳುವುದನ್ನು ಬಿಟ್ಟೆ.

ಕೇಳುವುದನ್ನು ಬಿಟ್ಟ ಮರುವಾರವೇ ಮಾಕಣಿಯಿಂದ ಮಾಳಪ್ಪ ಕಾಕಾ ಬಂದ. ಎಂಬತ್ತನಾಲ್ಕು ಕುರಿಯ ಮಾಲೀಕ, ಹಟ್ಟಿಯವರಲ್ಲಿ ಹಿರಿಯ, ಅವನು ಹೂಂ ಎಂದರೆ ಇಪ್ಪತ್ತು ಹಟ್ಟಿ ಹೂಂ ಎನ್ನುತ್ತವೆ. ಎಂಬತ್ತನಾಲ್ಕನ್ನೂ ಬರೆದುಕೊಂಡು ಫಾರ್ಮ್ ಮುಚ್ಚುವಾಗ ಅವನು ಕೈ ಅಡ್ಡ ಹಿಡಿದ.

"ಇನ್ನೊಂದು ಅದ. ಅದು ನಂದಲ್ಲ."

"ಮತ್ಯಾರದು ಕಾಕಾ?"

"ಬೀರಪ್ಪಂದು. ಟಗರು. ದೇವರಿಗಿ ಬಿಟ್ಟೀವಿ."

ನಮ್ಮಲ್ಲಿ ದೇವರಿಗೆ ಬಿಟ್ಟ ಕುರಿಯನ್ನು ಮನೆಯ ಕುರಿಯ ಜೊತೆ ಎಣಿಸುವುದಿಲ್ಲ. ಅದು ಅದೇ ಹಟ್ಟಿಯಲ್ಲಿ ಮಲಗುತ್ತದೆ, ಅದೇ ಹುಲ್ಲು ಮೇಯುತ್ತದೆ, ಆದರೆ ಮಾಲೀಕ ಬೇರೆ. ಅದರ ಲೆಕ್ಕವನ್ನು ತನ್ನ ಲೆಕ್ಕದಲ್ಲಿ ಸೇರಿಸಿದರೆ ದೇವರ ವಸ್ತುವಿಗೆ ಕೈ ಹಾಕಿದಂತೆ. ನನಗೂ ಇದು ಗೊತ್ತಿದ್ದದ್ದೇ. ಹೊಸ ಸಾಲು ತೆರೆದು ಮಾಲೀಕನ ಹೆಸರು ಬೀರಪ್ಪ ಎಂದು ಬರೆದೆ. ಊರು ಆರಿಸಿದೆ, ಬಿಲ್ಲೆಯ ಸಂಖ್ಯೆ ಹಾಕಿದೆ, ಕುರಿಗಳು ಒಂದು. ಮುಂದಿನ ಖಾನೆ ಮೊಬೈಲ್ ನಂಬರು. ಅದನ್ನು ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗದು.

"ಕಾಕಾ, ನಿನ್ನ ನಂಬರೇ ಹಾಕ್ತೀನಿ."

"ಏ, ಬ್ಯಾಡ ಬ್ಯಾಡ! ನನ್ನ ನಂಬರ್ ಹಾಕಿದಿ ಅಂದ್ರ ಟಗರು ನಂದಾತು. ನಾಳಿ ಅಂವಾ ಕೇಳಿದ್ರ ಏನ್ ಹೇಳ್ಲಿ?"

"ಅಂವಾ ಕೇಳಾಕಾದ್ರೂ ಫೋನ್ ಬೇಕಲ್ಲ ಕಾಕಾ!"

ಅವನು ನಗಲಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಹತ್ತು ಅಂಕಿಯಿಲ್ಲದೆ ಆ ಯಂತ್ರ ದೇವರನ್ನೂ ಒಳಗೆ ಬಿಡುತ್ತಿರಲಿಲ್ಲ. ತಂಗಿಗೆ ಒಂದು ಫೋನ್ ಮಾಡಿದ್ದರೆ ಆಯಿತು. ಮಾಡಲಿಲ್ಲ. ನನ್ನ ಸ್ವಂತ ನಂಬರು ಹಾಕಿದೆ. ಫಾರ್ಮ್ ಹಸಿರಾಯಿತು, ನನಗೆ ಎಂಥ ಹೆಮ್ಮೆಯಾಯಿತೆಂದರೆ, ಗಣಿತದ ಮಾಸ್ತರರು ಬದುಕಿದ್ದರೆ ಕರೆದು ತೋರಿಸುತ್ತಿದ್ದೆ.

ಆಮೇಲೆ ಬಂದ ಪ್ರತಿ ದೇವರ ಕುರಿಗೂ ಅದೇ ನಂಬರು. ಎರಡು ದಿನಕ್ಕೆ ಉದಗೀರದಿಂದ ಸಂಗೀತಾತಾಯಿಯ ಫೋನು ಬಂತು. "ಅಹೋ ದಾದಾ, ಹೇ ಕಾಯ, ಏನಿದು? ದೇವರ ನಂಬರ್ ನಾ ಎಲ್ಲಿಂದ ತರಬೇಕ್ರೀ?" ಆಕೆಗೂ ಗುರುವಿನಂತೆ ನನ್ನ ನಂಬರನ್ನೇ ಉಪದೇಶಿಸಿದೆ. ನಿಲಂಗಾದ ಅಂಗಡಿಯಲ್ಲಿ ಮಧ್ಯಾಹ್ನ ಕೂರುವ ಹೆಣ್ಣುಮಗಳಿಗೆ ಆ ವಿದ್ಯೆಯನ್ನು ಸಂಗೀತಾತಾಯಿಯೇ ದಾಟಿಸಿದಳು. ಹೀಗೆ ಮೂರು ತಾಲೂಕಿನ ನಲವತ್ತೊಂದು ದೇವರ ಕುರಿಗಳು ನನ್ನ ಮೊಬೈಲಿನ ಹೆಸರಿಗೆ ಬಂದವು. ದೇವರ ಪ್ರತಿನಿಧಿಯಾಗಿ ನಾನು ಬೀಡಿಯನ್ನು ಸ್ವಲ್ಪ ಕಡಿಮೆ ಸೇದಿದ್ದನ್ನು ಬಿಟ್ಟರೆ ಬೇರೇನನ್ನೂ ಮಾಡಲಿಲ್ಲ.

ಈಗ ಕಟ್ಟಳೆ ನೆನಪಿಸಿಕೊಳ್ಳಿ. ಒಂದೇ ನಂಬರು ಮತ್ತೆ ಬಂದರೆ ಹಳೆಯ ಸಾಲು ಹೋಗಿ ಹೊಸದು ಉಳಿಯುತ್ತದೆ. ಕಂಪ್ಯೂಟರ್ ನಂಬಿಕೆಯಿಂದ ದುಡಿಯಿತು. ನಲವತ್ತೊಂದು ಕುರಿಗಳು ಒಂದರ ಮೇಲೊಂದು ಬಿದ್ದು ಕೊನೆಗೆ ಒಂದೇ ಕುರಿ ಉಳಿಯಿತು. ಕೆಂಪು ಇಲ್ಲ, ಕೊಂಡವಾಡ ಇಲ್ಲ, ಎಲ್ಲ ಹಸಿರು. ಕೆಟ್ಟು ನಿಂತ ಯಂತ್ರ ಒಳ್ಳೆಯದು, ಅದು ಕೆಟ್ಟಿದ್ದೇನೆ ಎಂದು ಹೇಳುತ್ತದೆ. ನಗುನಗುತ್ತ ತಪ್ಪು ಮಾಡುವ ಯಂತ್ರ ನನ್ನಂತೆ.

ಇಲ್ಲಿಯತನಕದ್ದನ್ನು ಅಜ್ಞಾನ ಎಂದು ನೀವು ಕ್ಷಮಿಸಬಹುದು. ಮುಂದಿನದಕ್ಕೆ ಆ ಹೆಸರಿಲ್ಲ. ಸೂಜಿ ಹಾಕುವ ವಾರದ ಮುಂಚೆ ಎಲ್ಲ ಮಾಲೀಕರಿಗೂ ಮೆಸೇಜು ಹೋಗುತ್ತದೆ. ನನ್ನ ಫೋನಿಗೂ ಬಂತು: 'ಬೀರಪ್ಪ ಅವರೇ, ನಿಮ್ಮ 1 ಕುರಿಗೆ ಲಸಿಕೆ ಹಾಕಲಾಗುವುದು. ಕುರಿಗಳನ್ನು ಹಟ್ಟಿಯಲ್ಲೇ ಇರಿಸಿ.' ನಾನೊಬ್ಬನೇ ಹದಿಮೂರು ದೇವರ ಕುರಿಗಳನ್ನು ತುಂಬಿದ್ದೆ. ಮೆಸೇಜು ಒಂದು ಎನ್ನುತ್ತಿತ್ತು. ಒಂದು ಮತ್ತು ಹದಿಮೂರರ ವ್ಯತ್ಯಾಸಕ್ಕೆ ಏಳನೆಯ ಇಯತ್ತೆಯೂ ಬೇಡ. ಎಲ್ಲೋ ತಪ್ಪಿದೆ ಎಂದು ನನಗೆ ಗೊತ್ತಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈಗ ಫೋನ್ ಮಾಡಿದರೆ ನಂಬರಿನ ಸಂಗತಿ ಹೇಳಬೇಕಾಗುತ್ತದೆ, ಆಕೆ ಮತ್ತೆ ನಗುತ್ತಾಳೆ. ಅದರ ಬದಲು ಮೆಸೇಜನ್ನು ಚಹಾದ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿ, ದೇವರಿಗೆ ಬಂದ ಮೆಸೇಜು ನೋಡಿರಿ ಎಂದು ನಗಿಸಿದೆ. ಆಕೆ ನಗುವುದಕ್ಕಿಂತ ಮೊದಲು ನಾನೇ ನಕ್ಕು ಮುಗಿಸಿದೆ.

ಸೂಜಿ ಹಾಕುವವರು ಯಾದಿ ಹಿಡಿದು ಮಾಕಣಿಗೆ ಹೋದರು. ಹಟ್ಟಿಯಲ್ಲಿ ಎಂಬತ್ತೈದು, ಯಾದಿಯಲ್ಲಿ ಎಂಬತ್ತನಾಲ್ಕು. ಅವರು ಕೇಳಿದರು, ಮಾಳಪ್ಪ ಕಾಕಾ ಹೇಳಿದ: ಅದು ದೇವರದು, ಅದರ ಯಾದಿ ಬೇರೆ, ಬರುತ್ತದೆ. ಅವರು ಒಪ್ಪಿ ಮುಂದಿನ ಹಟ್ಟಿಗೆ ಹೋದರು. ನಲವತ್ತು ಕಡೆ ಹೀಗೇ ಆಯಿತು. ಉದಗೀರದ ಹತ್ತಿರ ಒಂದೇ ಒಂದು ಅದೃಷ್ಟವಂತ ಕುರಿ ಎಲ್ಲರ ಪರವಾಗಿ ಸೂಜಿ ಹಾಕಿಸಿಕೊಂಡಿತು.

ಮೃಗಶಿರೆ ಚೆನ್ನಾಗಿ ಬಂತು, ಹುಲ್ಲೂ ಬಂತು. ಒಂದು ಬೆಳಿಗ್ಗೆ ಮಾಳಪ್ಪ ಕಾಕಾ ಅಂಗಡಿಗೆ ಬಂದು ಈ ಹಳದಿ ಬಿಲ್ಲೆಯನ್ನು ಕಟ್ಟೆಯ ಮೇಲೆ ಇಟ್ಟ. ಅಂದು ತಂಗಿಯೂ ಉಮರಗಾಕ್ಕೆ ಬಂದಿದ್ದಳು.

"ನನ್ನ ಎಂಬತ್ತನಾಲ್ಕೂ ಜೀವಂತ ಅವ," ಎಂದ. "ದೇವರದೊಂದೇ ಸತ್ತದ. ಸಾಸ್ತೂರದಾಗೂ ಒಂದು, ಲೋಹಾರಾದ ಕಡಿಗೂ ಒಂದು. ಎಲ್ಲಾ ದೇವರವೇ. ಯವ್ವಾ ಮಾದೇವಿ, ಇದೇನ್ ಮಾಡಿಟ್ಟಿ?"

ತಂಗಿ ಬಿಲ್ಲೆಯ ಸಂಖ್ಯೆ ನೋಡಿದಳು. "ಕಾಕಾ, ದೇವರ ಯಾದಿ..."

"ಜನ ಏನಂತಾರ ಗೊತ್ತದ ಏನು? ಓದಿದಾಕಿಗಿ ದೇವರ ಕುರಿ ಬ್ಯಾಡಾದ್ವು ಅಂತಾರ. ಮನ್ಯಾಗಿನ ಕುರಿ ಉಳಸಿ ದೇವರದ್ದ ಸಾಯಸಿ ನಾ ಹ್ಯಾಂಗ್ ಗುಡೀಗಿ ಹೋಗ್ಲಿ? ಮುಂದಿನ ಸಲ ನಮ್ಮ ಹಟ್ಟಿಗೋಳಿಗಿ ಬರಬ್ಯಾಡವಾ."

ಇಪ್ಪತ್ತು ಹಟ್ಟಿ. ಹತ್ತು ವರ್ಷ ಹಟ್ಟಿಯಿಂದ ಹಟ್ಟಿಗೆ ಅಲೆದು, ಸೂಜಿ ಎಂದರೆ ಕೋಲೆತ್ತುತ್ತಿದ್ದವರ ಜೊತೆ ಅಂಬಲಿ ಕುಡಿದು ಆಕೆ ಗಳಿಸಿದ್ದ ನಂಬಿಕೆ ಅದು. ಒಂದು ಬಿಲ್ಲೆಯ ಪಕ್ಕದಲ್ಲಿ ಬಿದ್ದು ಹೋಯಿತು. ಆಕೆ ನನ್ನ ಕಡೆ ನೋಡಿದಳು. ನಾನು ಜಂತಿನ ಔಷಧಿಯ ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತ, ಅವು ಮೊದಲೇ ಸಾಲಾಗಿದ್ದವು, ಹೇಳಿದೆ:

"ಆ ಕಂಪ್ಯೂಟರ್‌ದೇ ಏನೋ ಗಡಬಡ ಆಗ್ಯದ ಕಾಕಾ. ಅದ್ಕೇನ್ ದೇವರು ಗೊತ್ತೋ ದಿಂಡರು ಗೊತ್ತೋ."

ಹಾಗೆ ಹೇಳುವಾಗ ನನ್ನ ದನಿ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಇಂದಿಗೂ ನಾನು ಮರೆತಿಲ್ಲ.

ತಂಗಿ ಮೊದಲು ಹಟ್ಟಿಹಟ್ಟಿಗೆ ವಿಚಾರಿಸುತ್ತ, ಸೂಜಿ ತಪ್ಪಿದ್ದ ಉಳಿದ ಮೂವತ್ತೇಳು ದೇವರ ಕುರಿಗಳಿಗೆ ತಾನೇ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಹೋಗಿ ಸೂಜಿ ಹಾಕಿಸಿ, ಬೈಗುಳ ತಿಂದು ಬಂದಳು. ಆಮೇಲೆ ನಿಲಂಗಾದಲ್ಲಿ ಕೂತು ಮೂರು ದಿನ ತಾನು ಬರೆದ ಸೂತ್ರಗಳಲ್ಲೇ ತಪ್ಪು ಹುಡುಕಿದಳು. ನಾಲ್ಕನೆಯ ದಿನ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ನನ್ನ ಅಂಗಡಿಗೆ ಬಂದು ಕೂತಳು.

"ಅಣ್ಣಾ, ಹಟ್ಟ್ಯಾಗ ಮುಂಜಾನಿ ಏನ್ ಮಾಡ್ತಾರ?"

"ಬಾಗಲ್ದಾಗ ನಿಂತು ಎಣಸ್ತಾರ."

"ಸಂಜಿಗಿ?"

"ಮತ್ತ ಎಣಸ್ತಾರ. ಹೋದಷ್ಟೇ ಬರಬೇಕಲ್ಲ."

"ನಾ ಅದೊಂದೇ ಮಾಡಿದ್ದಿಲ್ಲ ನೋಡು. ಮೂರೂ ಅಂಗಡಿಯಿಂದ ಬಂದದ್ದೆಷ್ಟು, ಕೂಡಿಸಿದ ಮ್ಯಾಲ ಉಳದದ್ದೆಷ್ಟು, ಎಣಸಲೇ ಇಲ್ಲ. ಇವತ್ತ ಎಣಸೀನಿ. ನಲವತ್ತು ಸಾಲು ಕಮ್ಮಿ ಅವ. ಆ ನಲವತ್ತಕ್ಕೂ ಒಂದೇ ನಂಬರ್."

ಆಕೆ ಪರದೆ ನೋಡುತ್ತ ಒಂದೊಂದೇ ಅಂಕಿ ಓದತೊಡಗಿದಳು. ಓದುವ ಅಗತ್ಯ ಆಕೆಗಿರಲಿಲ್ಲ, ಹದಿನೈದು ವರ್ಷದಿಂದ ಬಾಯಿಪಾಠವಿದ್ದ ನಂಬರು. ಐದನೆಯ ಅಂಕಿಗೆ ನಿಂತಳು. ಉಳಿದ ಐದು ಅಂಕಿಗಳನ್ನು ನಾನು ಹೇಳಿದೆ.

"ಒಂದ್ ಫೋನ್ ಮಾಡಿ ಕೇಳಬಾರದಿತ್ತೇನೋ ಅಣ್ಣಾ?"

"ಕೇಳಿದ್ರ ನೀ ನಗ್ತಿದ್ದಿ."

"ಹೌದು, ನಗ್ತಿದ್ದೆ," ಎಂದಳು. "ನಕ್ಕು, ಸರಿ ಮಾಡ್ತಿದ್ದೆ."

ಇಷ್ಟೇ ಬೈದದ್ದು. ಆಮೇಲೆ ಆಕೆ ಅತ್ತಳು. ಟಗರಿಗೆ ಅತ್ತಳೋ, ಹಟ್ಟಿಗಳಿಗೆ ಅತ್ತಳೋ, ನಾನು ಬಾಟಲಿ ಜೋಡಿಸುತ್ತ ಆಡಿದ ಮಾತಿಗೆ ಅತ್ತಳೋ ನಾನು ಕೇಳಲಿಲ್ಲ. ಮೂರನೆಯದಕ್ಕೇ ಇರಬೇಕು.

ಮರುದಿನ ಇಬ್ಬರೂ ಮಾಕಣಿಗೆ ಹೋದೆವು. ಆಕೆ ಮಾತಾಡಲು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. ನಂಬರು, ಮೆಸೇಜು, ಚಹಾದ ಅಂಗಡಿ, ಕಟ್ಟೆಯ ಹಿಂದೆ ಹೇಳಿದ ಸುಳ್ಳು, ಎಲ್ಲ. ಸುತ್ತ ಐದಾರು ಹಿರಿಯರು. ಮಾಳಪ್ಪ ಕಾಕಾ ನನ್ನ ಕಿಸೆಯ ಕಡೆ ನೋಡಿದ.

"ಅಂದ್ರ ಇಷ್ಟ್ ದಿನ ಬೀರಪ್ಪನ ಫೋನ್ ನಿನ್ನ ಕಿಸೆದಾಗಿತ್ತು?"

"ಹೌದು ಕಾಕಾ."

"ಮತ್ತ ನಾ ಅಷ್ಟ್ ಸಲ ಕೂಗೀನಲ್ಲ, ಒಂದ್ ಸಲರೆ ಎತ್ತಬಾರದೇನಲೇ?"

ಹಿರಿಯರು ಬಿದ್ದುಬಿದ್ದು ನಕ್ಕರು. ಅವನು ನಗಲಿಲ್ಲ. "ಟಗರು ನಂದಾಗಿದ್ರ ಮಾಫ್ ಮಾಡ್ತಿದ್ದೆ. ನಂದಲ್ಲ. ಮಾಫಿ ಅಂವನ್ನ ಕೇಳು," ಎಂದು ನಾನು ತಂದು ಮುಂದಿಟ್ಟಿದ್ದ ಬಿಲ್ಲೆಯನ್ನು ಮರಳಿ ನನ್ನ ಅಂಗೈಯಲ್ಲಿಟ್ಟ. ಆಮೇಲೆ ತಂಗಿಯ ಕಡೆ ತಿರುಗಿ, "ಯವ್ವಾ, ತಪ್ಪು ನಿಂದಲ್ಲ ಅಂತ ನಾ ಎಲ್ಲಾ ಹಟ್ಟಿಗಿ ಹೇಳ್ತೀನಿ. ಬರೂ ವರ್ಷ ಬಾ. ಆದ್ರ ದೇವರದ್ದು ಮೊದ್ಲು, ನಮ್ಮವು ಆಮ್ಯಾಲ," ಎಂದ.

"ತಪ್ಪು ನಂದೂ ಅದ ಕಾಕಾ," ಎಂದಳು ತಂಗಿ. "ಎಲ್ಲಾರ ಹತ್ರ ಫೋನ್ ಅದ ಅಂತ ತಿಳದಿದ್ದೆ. ಯಾರ ಹತ್ರ ಇಲ್ಲ ಅಂತ ಕೇಳಲೇ ಇಲ್ಲ."

ಆ ಮಾತು ನನ್ನನ್ನು ಎಷ್ಟೋ ದಿನ ಕಾಡಿತು. ಯಾವ ಫಾರ್ಮನ್ನಾದರೂ ಕಟ್ಟುವ ಮೊದಲು ಅದು ಯಾರನ್ನು ಬಾಗಿಲಲ್ಲಿ ತಡೆಯುತ್ತದೆ ಎಂದು ಕೇಳಬೇಕು. ಯಾಕೆಂದರೆ ತಡೆದವರು ಹಿಂದಕ್ಕೆ ಹೋಗುವುದಿಲ್ಲ, ನನ್ನಂಥ ಶಾಣ್ಯಾನ ನೆರವಿನಿಂದ ವೇಷ ಹಾಕಿಕೊಂಡು ಒಳಗೆ ಬರುತ್ತಾರೆ. ಈಗ ನಮ್ಮಲ್ಲಿ ಸಾಲಿನ ಗುರುತು ಮೊಬೈಲ್ ನಂಬರಲ್ಲ, ಕಿವಿಯ ಬಿಲ್ಲೆ. ಬಿಲ್ಲೆ ದೇವರ ಕುರಿಗೂ ಉಂಟು, ಬಡವನ ಕುರಿಗೂ ಉಂಟು. ನಂಬರು ಇಲ್ಲದವರಿಗೆ 'ಇಲ್ಲ' ಎಂದು ಆರಿಸಲು ಬರುತ್ತದೆ, ಇಲ್ಲದ್ದನ್ನು ಇಲ್ಲ ಎಂದು ಹೇಳಲು ಜಾಗವಿಟ್ಟರೆ ಅರ್ಧ ಸುಳ್ಳು ಅಲ್ಲೇ ನಿಲ್ಲುತ್ತದೆ. ಮಾಲೀಕನ ಖಾನೆಯಲ್ಲಿ ಅಂಗಡಿಯವರ ನಂಬರು ಕಂಡರೆ ಆ ಸಾಲು ಕೆಂಪಾಗುತ್ತದೆ. ಬಂದದ್ದನ್ನೂ ಉಳಿದದ್ದನ್ನೂ ದಿನಾ ಎಣಿಸಲಾಗುತ್ತದೆ. ಒಂದು ಸಾಲು ಹೆಚ್ಚುಕಡಿಮೆಯಾದರೂ ಯಾದಿ ಹೊರಗೆ ಬೀಳುವುದಿಲ್ಲ. ಯಾವ ಸಾಲನ್ನೂ ಕಂಪ್ಯೂಟರ್ ಸದ್ದಿಲ್ಲದೆ ಬಿಡುವಂತಿಲ್ಲ, ಬಿಟ್ಟರೆ ಯಾಕೆ ಬಿಟ್ಟೆ ಎಂದು ಬರೆದು ಕೊಂಡವಾಡಕ್ಕೆ ಹಾಕಬೇಕು. ಮತ್ತು ಯಾರಾದರೂ ಏನನ್ನಾದರೂ ತಿದ್ದಿದರೆ ಪಕ್ಕದಲ್ಲಿ ಅವರ ಹೆಸರು ತಾನಾಗಿ ಬೀಳುತ್ತದೆ. ಇದು ಯಾರ ಸಲುವಾಗಿ ಮಾಡಿದ್ದು ಎಂದು ತಂಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಾದದ್ದನ್ನೆಲ್ಲ ಈಗ ಕೇಳುತ್ತೇನೆ, ಇದೊಂದನ್ನು ಬಿಟ್ಟು.

ಹೌದು, ಈಗ ಫೋನ್ ಮಾಡುತ್ತೇನೆ, ದಿನಕ್ಕೆ ಮೂರಲ್ಲ, ಐದು ಸಲ. ಆಕೆ ನಗುತ್ತಾಳೆ. ಸ್ಪೀಕರ್ ಹಾಕಿಯೇ ಮಾತಾಡುತ್ತೇನೆ, ಗಿರಾಕಿಗಳಿಗೂ ಪುಕ್ಕಟೆ ಮನರಂಜನೆ.

ಆದರೆ ಒಂದು ಮಾತು ಉಳಿದಿದೆ. ನನ್ನ ನಂಬರು ಹೊತ್ತ ಆ ನಲವತ್ತೊಂದು ಸುಳ್ಳು ಸಾಲುಗಳನ್ನು ತಂಗಿ ಅಳಿಸಲಿಲ್ಲ. ಅಳಿಸು ಎಂದು ನಾನು ಬೇಡಿಕೊಂಡೆ. "ಇರ್ಲಿ ಅಣ್ಣಾ, ಬೇಕಾಗ್ತಾವ," ಎಂದಳು. ಯಾಕೆಂದು ಆಮೇಲೆ ತಿಳಿಯಿತು. ಆಕೆ ಆ ವ್ಯವಸ್ಥೆಯಲ್ಲಿ ಏನನ್ನೇ ಬದಲಿಸಲಿ, ಹೊಸ ಖಾನೆ ಸೇರಿಸಲಿ, ಹೊಸ ಊರು ಕೂಡಿಸಲಿ, ನಿಜವಾದ ಯಾದಿಗೆ ಹಚ್ಚುವ ಮುಂಚೆ ಆ ನಲವತ್ತೊಂದು ಸಾಲುಗಳನ್ನು ಒಳಗೆ ಓಡಿಸಿ ನೋಡುತ್ತಾಳೆ. ನಲವತ್ತೊಂದೂ ಕೆಂಪಾಗಿ ಕೊಂಡವಾಡದಲ್ಲಿ ನಿಂತರೆ ವ್ಯವಸ್ಥೆ ಗಟ್ಟಿಯಾಗಿದೆ ಎಂದರ್ಥ. ಒಂದಾದರೂ ಹಸಿರಾಗಿ ದಾಟಿದರೆ ಎಲ್ಲೋ ಬೇಲಿ ಮುರಿದಿದೆ ಎಂದರ್ಥ. ಮೂರು ಅಂಗಡಿಯ ಕುರಿಗಳನ್ನೆಲ್ಲ ಕಾಯುವುದಕ್ಕೆ ಆಕೆ ಇಟ್ಟುಕೊಂಡ ಅಳತೆಗೋಲು ನನ್ನ ತಪ್ಪು.

ಮೊನ್ನೆ ಹಾಗೆ ಓಡಿಸುವಾಗ ನಾನೂ ಪಕ್ಕದಲ್ಲಿದ್ದೆ. ಸಾಲುಗಳು ಊರಿನ ಅಕ್ಷರಕ್ರಮದಲ್ಲಿ ಒಂದೊಂದಾಗಿ ಕೆಂಪಾಗುತ್ತ ಬಂದವು. ಇಪ್ಪತ್ತೆರಡನೆಯದು ಮಾಕಣಿ, ಮಾಲೀಕ ಬೀರಪ್ಪ, ಒಂದು ಟಗರು, ಮೊಬೈಲ್ ನಂಬರು ನನ್ನದು. ಕಿಸೆಯಲ್ಲಿದ್ದ ಕೀಲಿಗೊಂಚಲನ್ನು ಹಿಡಿದುಕೊಂಡೆ, ಮುರಿದ ಮೂಲೆ ಅಂಗೈಗೆ ಚುಚ್ಚಿತು. ಆ ಸಾಲು ಒಂದು ಗಳಿಗೆ ಬಿಳಿಯಾಗಿ ನಿಂತಿತ್ತು. ಆಮೇಲೆ ಕೆಂಪಾಯಿತು.

"ಸಿಕ್ಕಿಬಿದ್ದಿ ನೋಡಣ್ಣಾ," ಎಂದು ತಂಗಿ ನಕ್ಕಳು.